ಸಾಹೇಬರಿಗೆ ಬಿದ್ದ ಎರಡು ಸೂಜಿ

ಆ ಮನೆಯಲ್ಲಿ ಬೆಕ್ಕಿಗೆ ಬಹುವಚನ, ತಮ್ಮನಿಗೆ ಏಕವಚನ. "ಸಾಹೇಬ್ರೇ, ಊಟ ಆಯ್ತಾ?" ಎಂದು ಬೆಕ್ಕನ್ನು ವಿಚಾರಿಸಿದ ಬಾಯಲ್ಲೇ ಅಕ್ಕ, "ಲೋ, ತಟ್ಟೆ ಎತ್ತೋ" ಎಂದು ಅರವತ್ತೊಂದು ತುಂಬಿದ ತಮ್ಮನನ್ನು ಗದರುತ್ತಿದ್ದರು.

ತಮ್ಮ ಬೀದಿಗೆಲ್ಲ ವಾಚ್ ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ, ವಾಚು ರಿಪೇರಿ ಮಾಡುವವರು. ಬ್ಯಾಟರಿ ಹಾಕಿಸಲು ಬಂದವರಿಗೂ ವಾಚನ್ನು ಹೇಗೆ ಕಟ್ಟಬೇಕು, ಹೇಗೆ ಬಿಚ್ಚಿಡಬೇಕು ಎಂದು ಹತ್ತು ನಿಮಿಷ ಉಪದೇಶ ಮಾಡಿಯೇ ಬಿಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಮೆಟ್ಟಿಲ ಕೆಳಗಿನ ಗಾಜಿನ ಗೂಡಿನಂಥ ಅಂಗಡಿಯಲ್ಲಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಲವತ್ತು ವರ್ಷ ಕೂತವರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುವಾಗ ಅವರು ಉಸಿರಾಡಿದ್ದನ್ನು ಯಾರೂ ನೋಡಿಲ್ಲ. ಮದುವೆಯಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ಕ ಬಂದು ಜೊತೆಗಿದ್ದರು. ಬೆಕ್ಕು ಮರುವರ್ಷ ತಾನಾಗಿಯೇ ಬಂದು ಸೇರಿಕೊಂಡಿತು.

ಹೋದ ವರ್ಷ ಆ ಬೆಕ್ಕು ನೀರಿನ ಬಟ್ಟಲು ಬಿಟ್ಟು ಏಳದಾಯಿತು. ಎಷ್ಟು ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಹಿಂಗಾಲುಗಳನ್ನು ಹಿಮ್ಮಡಿಯವರೆಗೂ ನೆಲಕ್ಕೆ ಊರಿ, ಸೊಂಟ ಹಿಡಿದವರ ಹಾಗೆ ನಡೆಯತೊಡಗಿತು. ಪ್ರಾಣಿಗಳ ಡಾಕ್ಟರಮ್ಮ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು.

"ಸಕ್ಕರೆ ಕಾಯಿಲೆನಾ?" ಅಕ್ಕ ಕೆನ್ನೆಗೆ ಕೈ ಹಚ್ಚಿದರು. "ನಮ್ಮ ವಂಶದಲ್ಲೇ ಯಾರಿಗೂ ಇಲ್ವಲ್ಲ ತಾಯಿ!"

"ದಿನಕ್ಕೆರಡು ಸಲ ಇನ್ಸುಲಿನ್ ಹಾಕ್ಬೇಕು," ಎಂದರು ಡಾಕ್ಟರಮ್ಮ. "ಹನ್ನೆರಡು ಗಂಟೆ ಅಂತರ ಇರ್ಲಿ. ಮೊದಲು ಊಟ, ಆಮೇಲೆ ಸೂಜಿ. ಒಂದು ಹೊತ್ತು ತಪ್ಪಿದ್ರೂ ನಡೆಯತ್ತೆ, ಒಂದೇ ಹೊತ್ತಿಗೆ ಎರಡು ಸಲ ಮಾತ್ರ ಬೀಳಬಾರ್ದು. ಸಕ್ಕರೆ ಪೂರ್ತಿ ಇಳಿದುಹೋಗತ್ತೆ. ಪ್ರಾಣಕ್ಕೇ ಬರತ್ತೆ."

ಹನ್ನೆರಡು ಗಂಟೆ ಅಂತರ ಎಂದದ್ದೇ ತಡ, ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಅವರ ವಿದ್ಯೆಗೆ ತಕ್ಕ ಕಾಯಿಲೆ ಕೊನೆಗೂ ಒಂದು ಸಿಕ್ಕಿತ್ತು. ಮನೆಯ ನಾಲ್ಕು ಗಡಿಯಾರಗಳನ್ನೂ ಒಂದೇ ಸೆಕೆಂಡಿಗೆ ಹೊಂದಿಸಿದರು. ಇನ್ಸುಲಿನ್ ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಭೂತಗನ್ನಡಿಯಲ್ಲಿ ಸಿರಿಂಜಿನ ಗೆರೆ ನೋಡಿ ಒಂದೂವರೆ ಯೂನಿಟ್ ಎಳೆಯುವರು. ಕಿವಿಯಂಚಿಗೆ ಚುಚ್ಚಿ ಸಾಸಿವೆಯಷ್ಟು ರಕ್ತ ತೆಗೆದು ಸಕ್ಕರೆ ಅಳೆಯುವ ಮೀಟರಿಗೆ ಮುಟ್ಟಿಸುವರು. ಅಷ್ಟನ್ನೂ ಗಂಟೆ, ನಿಮಿಷದ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವರು. ಬೆಳಗಿನ ಏಳರ ಸೂಜಿ ಮೇಷ್ಟ್ರದು, ಸಂಜೆ ಏಳರದು ಅಕ್ಕನದು. ಆದರೆ ಬರೆಯುವ ಹಕ್ಕು ಮೇಷ್ಟ್ರಿಗೊಬ್ಬರಿಗೇ. ಅಕ್ಕ ಒಂದು ಸಂಜೆ ನೋಟ್‌ಬುಕ್ಕಿನಲ್ಲಿ ಬರೀ ಟಿಕ್ ಹಾಕಿಟ್ಟಿದ್ದರು. "ಟಿಕ್ ಅಂದ್ರೆ ಎಷ್ಟು ಗಂಟೆ ಅಕ್ಕ?" ಎಂದು ಕೇಳಿ ಮೇಷ್ಟ್ರು ಪೆನ್ನನ್ನು ಜೇಬಿಗೇರಿಸಿದವರು ಮತ್ತೆ ಕೆಳಗಿಡಲಿಲ್ಲ. ಅಲ್ಲಿಂದಾಚೆ ಅಕ್ಕ ಬಾಯಲ್ಲಿ ಹೇಳುವುದು, ತಮ್ಮ ಬರೆದುಕೊಳ್ಳುವುದು.

ಅಷ್ಟಕ್ಕೇ ನಿಲ್ಲದೆ ಮೇಷ್ಟ್ರು ಮನೆಯಿಂದ ಸಕ್ಕರೆಯನ್ನೇ ಗಡಿಪಾರು ಮಾಡಿದರು.

"ಸಾಹೇಬ್ರಿಗೆ ಕಾಯಿಲೆ ಬಂದ್ರೆ ನನ್ನ ಕಾಫಿ ಯಾಕೋ ಸಪ್ಪೆ ಆಗ್ಬೇಕು?"

"ಅದರ ಎದುರಿಗೆ ಕೂತು ಚಪ್ಪರಿಸಿದ್ರೆ ಅದಕ್ಕೆ ಆಸೆ ಆಗಲ್ವಾ? ಮನೆ ಅಂದ್ಮೇಲೆ ಒಂದು ಶಿಸ್ತು ಬೇಡ್ವಾ?"

ಅಕ್ಕ ಆರು ತಿಂಗಳು ಮುಖ ಕಿವುಚಿಕೊಂಡು ಕಾಫಿ ಕುಡಿದರು. ಬೆಕ್ಕಿನ ಬೆನ್ನು ತುಂಬಿಕೊಂಡಿತು, ನಡಿಗೆ ನೇರವಾಯಿತು.

ಹೀಗಿರುವಾಗ ಒಂದು ಬುಧವಾರ ಮೀಟರು ಇದ್ದಕ್ಕಿದ್ದ ಹಾಗೆ ಮುನ್ನೂರ ತೊಂಬತ್ತು ತೋರಿಸಿತು. ಗುರುವಾರವೂ ಅಷ್ಟೇ.

"ಅಕ್ಕ, ನಿಜ ಹೇಳು. ಏನು ತಿನ್ನಿಸ್ದೆ?"

"ನಾನೇನು ತಿನ್ನಿಸ್ಲಿ? ನೀನು ತೂಕ ಮಾಡಿಟ್ಟಿದ್ದನ್ನೇ ಹಾಕಿದೀನಿ."

"ಮೀಟರ್ ಸುಳ್ಳು ಹೇಳತ್ತಾ?"

"ಹಾಗಾದ್ರೆ ಸುಳ್ಳು ಹೇಳ್ತಿರೋಳು ನಾನು, ಅಲ್ವಾ?" ಅಕ್ಕನ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದವರು ತಮ್ಮನೊಂದಿಗೆ ಮಾತು ಬಿಟ್ಟರು.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ಆ ಹೊಣೆ ಬೆಕ್ಕಿನ ತಲೆಗೆ ಬಂತು. "ಸಾಹೇಬ್ರೇ, ಸ್ನಾನಕ್ಕೆ ನೀರು ಕಾದಿದೆ, ನಿಮ್ಮ ಮಾವನಿಗೆ ಹೇಳಿ." "ನನ್ನ ನೀಲಿ ಅಂಗಿ ಎಲ್ಲಿದೆ ಅಂತ ನಿಮ್ಮಮ್ಮನ್ನ ಕೇಳು." ಬೆಕ್ಕು ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ ಕಾಲು ನೆಕ್ಕಿಕೊಳ್ಳುತ್ತಿತ್ತು.

ಭಾನುವಾರ ಬೆಳಗ್ಗೆ ಮಹಡಿ ಮನೆಯವರ ಗೋಡೆ ಗಡಿಯಾರ ನಿಂತಿದೆಯೆಂದು ಮೇಷ್ಟ್ರು ಮೇಲೆ ಹೋದರು. ಐದು ನಿಮಿಷದ ಕೆಲಸವೆಂದು ಹೊರಟವರು ಉಪದೇಶವನ್ನೂ ಮುಗಿಸಿ ಬರುವಷ್ಟರಲ್ಲಿ ಏಳೂ ಹತ್ತು. ಬೆಕ್ಕಿನ ಬಟ್ಟಲು ನೆಕ್ಕಿ ಫಳಫಳ ಅನ್ನುತ್ತಿತ್ತು. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಖಾಲಿ. ಅಕ್ಕ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಊಟ ಹಾಕಿ ಸೂಜಿಯನ್ನು ನನಗೇ ಬಿಟ್ಟಿದ್ದಾಳೆ ಎಂದುಕೊಂಡು ಮೇಷ್ಟ್ರು ಒಂದೂವರೆ ಯೂನಿಟ್ ಎಳೆದು ಚುಚ್ಚಿ, ತಡವಾದದ್ದಕ್ಕೆ ನಾಚಿಕೊಂಡೇ ಬರೆದರು: ಏಳು ಗಂಟೆ ಹನ್ನೆರಡು ನಿಮಿಷ.

ಹತ್ತರ ಹೊತ್ತಿಗೆ ಬೆಕ್ಕು ಕಿಟಕಿಯ ಕಟ್ಟೆಗೆ ನೆಗೆಯಲು ಹೋಗಿ ಗೋಡೆಗೆ ಡಿಕ್ಕಿ ಹೊಡೆಯಿತು. ಎದ್ದು ನಾಲ್ಕು ಹೆಜ್ಜೆ ಇಟ್ಟು ಪಕ್ಕಕ್ಕೆ ವಾಲಿತು. ಮುಂಗಾಲು ಅದುರುತ್ತಿತ್ತು.

"ಏನಾಯ್ತೋ ನಿಂಗೆ? ಏಳೂ ಹನ್ನೆರಡಕ್ಕೆ ಸೂಜಿ ಹಾಕ್ದಾಗ ಚೆನ್ನಾಗೇ ಇದ್ಯಲ್ಲ!" ಎಂದು ಮೇಷ್ಟ್ರು ಬೆಕ್ಕಿನೊಂದಿಗೇ ಹಲುಬಿದರು.

ಅಡುಗೆಮನೆ ಬಾಗಿಲಲ್ಲಿ ಅಕ್ಕ ಹಾಗೇ ನಿಂತುಬಿಟ್ಟರು. "ಸಾಹೇಬ್ರೇ, ಏಳಕ್ಕೆ ಸರಿಯಾಗಿ ನಾನು ಹಾಕಿದ್ನಲ್ಲ..."

ಇಬ್ಬರೂ ಬೆಕ್ಕನ್ನು ನೋಡಿದರು. ಆಮೇಲೆ, ನಾಲ್ಕು ದಿನಗಳಲ್ಲಿ ಮೊದಲ ಸಲ, ಒಬ್ಬರನ್ನೊಬ್ಬರು ನೋಡಿಕೊಂಡರು.

"ನೀನೂ ಹಾಕಿದ್ಯಾ?"

"ನೀನೂ ಹಾಕ್ದ್ಯೇನೋ?"

"ನಂಗೆ ಹೇಳೋದಲ್ವಾ ಅಕ್ಕ!"

"ಹೇಳ್ದೆನಲ್ಲೋ! ಬಾಗಿಲು ಸದ್ದಾಯ್ತು, ನೀನು ಬಂದೆ ಅಂದ್ಕೊಂಡು ಸಾಹೇಬ್ರ ಹತ್ರ ಗಟ್ಟಿಯಾಗೇ ಹೇಳ್ದೆ."

ಬಾಗಿಲು ಸದ್ದಾದದ್ದು ನಿಜ. ಹೊಸ್ತಿಲವರೆಗೆ ಬಂದಿದ್ದ ಮೇಷ್ಟ್ರು ಚಿಮಟ ಮರೆತದ್ದು ನೆನಪಾಗಿ ಹಾಗೇ ಮಹಡಿಗೆ ವಾಪಸಾಗಿದ್ದರು. ಸುದ್ದಿ ಬೆಕ್ಕಿನ ಹತ್ತಿರವೇ ಉಳಿದುಹೋಗಿತ್ತು.

ಮೇಷ್ಟ್ರು ಕಿವಿಯಂಚಿಗೆ ಚುಚ್ಚಿದರು. ಮೀಟರು ಬರೀ ನಲವತ್ತೊಂದು ತೋರಿಸಿತು. ಕೂದಲೆಳೆಯಂಥ ಸ್ಪ್ರಿಂಗ್ ಎತ್ತುವ ಬೆರಳು ಫೋನಿನಲ್ಲಿ ಎರಡು ಸಲ ತಪ್ಪು ಅಂಕಿ ಒತ್ತಿತು. ಡಾಕ್ಟರಮ್ಮನ ನಂಬರನ್ನು ಅಕ್ಕನೇ ಒತ್ತಬೇಕಾಯಿತು.

"ಜೇನುತುಪ್ಪ ಇಲ್ಲಾ ಸಕ್ಕರೆ ಪಾಕ, ಬೆರಳಲ್ಲಿ ಒಸಡಿಗೆ ಸವರಿ," ಎಂದಿತು ಫೋನಿನ ದನಿ. "ಬಾಯಿಗೆ ಸುರೀಬೇಡಿ, ಉಸಿರಿಗೆ ಸಿಕ್ಕಿಕೊಳ್ಳತ್ತೆ. ಸವರ್ತಾನೇ ಕರ್ಕೊಂಡು ಬನ್ನಿ, ಬೇಗ."

"ಅಕ್ಕ, ಸಕ್ಕರೆ!"

"ಎಲ್ಲಿಂದ ತರ್ಲೋ? ಒಂದು ಕಾಳೂ ಇರಬಾರ್ದು ಅಂದೋನು ನೀನಲ್ವಾ!"

ಒಂದು ಗಳಿಗೆ ಇಬ್ಬರೂ ನಿಂತಲ್ಲೇ ನಿಂತರು. ಬೆಕ್ಕು ಕ್ಷೀಣವಾಗಿ ಮಿಯಾಂವ್ ಎಂದಿತು. ಅಷ್ಟೇ, ಅಕ್ಕ ಮಲಗುವ ಕೋಣೆಗೆ ಓಡಿದರು, ಮೇಷ್ಟ್ರು ನಡುಮನೆಯ ಮೂಲೆಯಲ್ಲಿದ್ದ ತಮ್ಮ ರಿಪೇರಿ ಮೇಜಿನತ್ತ ಓಡಿದರು. ಅಕ್ಕ ಸೀರೆ ಪೆಟ್ಟಿಗೆಯ ತಳದಿಂದ ಅರ್ಧ ಖಾಲಿಯಾದ ಜೇನುತುಪ್ಪದ ಶೀಶೆ ತಂದರು. ಮೇಷ್ಟ್ರ ಕೈಯಲ್ಲಿ "ಹಳೇ ಸ್ಪ್ರಿಂಗುಗಳು" ಎಂದು ಬರೆದಿದ್ದ ತಗಡಿನ ಡಬ್ಬಿ ಇತ್ತು. ಅದರ ತುಂಬ ಕ್ರೀಮ್ ಬಿಸ್ಕೆಟ್ಟು.

ಮಾತಾಡಲು ಸಮಯವಿರಲಿಲ್ಲ. ಮೇಷ್ಟ್ರು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿದರು, ಅಕ್ಕ ಜೇನನ್ನು ಬೆರಳಿಗೆ ಹಚ್ಚಿಕೊಂಡು ಒಸಡಿಗೆ ಸವರಿದರು. ಬೀದಿಗೆ ಓಡಿ ಟ್ಯಾಕ್ಸಿ ಹತ್ತಿದರು. ಗಾಬರಿಯಲ್ಲಿ ಡಬ್ಬಿಯೂ ಜೊತೆಗೇ ಬಂದಿತ್ತು. ಮೂರನೆಯ ತಿರುವಿನಲ್ಲಿ ಬೆಕ್ಕು ತಲೆಯೆತ್ತಿ ಅಕ್ಕನ ಬೆರಳನ್ನು ಕಚ್ಚಿತು.

"ಕಚ್ಚಿದ್ರು ಕಣೋ! ಸಾಹೇಬ್ರು ಕಚ್ಚಿದ್ರು!" ಎಂದು ಅಕ್ಕ ಹಿಗ್ಗಿದರು.

ಉಸಿರು ಹಿಂತಿರುಗಿದ ಮೇಲೆ ಅವರ ಕಣ್ಣು ಡಬ್ಬಿಯ ಮೇಲೆ ಬಿತ್ತು. ಮುಚ್ಚಳ ಸೊಟ್ಟಗಾಗಿ ಒಂದು ಬದಿ ಎದ್ದಿತ್ತು. ಅಕ್ಕ ಒಂದು ಬಿಸ್ಕೆಟ್ ಎತ್ತಿ ಬೆಳಕಿಗೆ ಹಿಡಿದರು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಲ್ಲಿನ ಗುರುತು, ಕ್ರೀಮು ನುಣ್ಣಗೆ ನೆಕ್ಕಿಹೋಗಿತ್ತು.

"ಲೋ, ನಿನ್ನ ಹಲ್ಲು ಇಷ್ಟು ಸಣ್ಣದೇನೋ?"

ಮೇಷ್ಟ್ರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು. ಆ ಕಡೆ ನೋಡುತ್ತಲೇ, "ತಪ್ಪಾಯ್ತಕ್ಕ," ಎಂದರು. "ನಿನ್ನ ಮೇಲೆ ಸುಮ್ಮನೆ ಹೊರಿಸ್ದೆ."

ಡಾಕ್ಟರಮ್ಮ ಬೆಕ್ಕಿಗೆ ಗ್ಲೂಕೋಸ್ ಏರಿಸಿ ಸಂಜೆಯವರೆಗೂ ಕಣ್ಣಿಟ್ಟು ನೋಡಿಕೊಂಡರು. ಕತೆಯನ್ನೆಲ್ಲ ಕೇಳಿ, "ನಿಮ್ಮಿಬ್ರಿಗೂ ಮಾತು ಬರತ್ತಲ್ಲ?" ಎಂದು ಮೇಲಿಂದ ಕೆಳಗೆ ನೋಡಿದರು. "ಹಾಕಿದಾರೋ ಇಲ್ವೋ ಅಂತ ಅನುಮಾನ ಬಂದ್ರೆ ಹಾಕ್ಲೇಬಾರ್ದು. ಇನ್ನು ಬಿಸ್ಕೆಟ್ಟು... ಅದು ಕ್ರೀಮಿನ ಜಿಡ್ಡಿಗೆ ಬಂದಿರತ್ತೆ. ಬೆಕ್ಕಿನ ನಾಲಿಗೆಗೆ ಸಿಹಿ ಅನ್ನೋದೇ ಗೊತ್ತಾಗಲ್ಲ."

ಅಕ್ಕ ನಿಧಾನವಾಗಿ ತಮ್ಮನ ಕಡೆ ತಿರುಗಿದರು. "ಗೊತ್ತೇ ಆಗಲ್ವಂತೆ. ಆರು ತಿಂಗಳು, ದಿನಕ್ಕೆ ಎರಡು ಲೋಟ."

ಆ ಸಂಜೆಯೇ ಸಕ್ಕರೆ ಡಬ್ಬಿ ಮನೆಗೆ ಮರಳಿತು. ಅದನ್ನು ಮೇಷ್ಟ್ರೇ ಹೊತ್ತು ತಂದರು. ನೋಟ್‌ಬುಕ್ಕಿಗೆ ದಾರದಲ್ಲಿ ಇನ್ನೊಂದು ಪೆನ್ನು ಕಟ್ಟಿದರು. ಭಾನುವಾರದ ಸಾಲಿನಲ್ಲಿ ಏಳು ಗಂಟೆ ಎಂದು ಅಕ್ಕನ ಕೈಯಲ್ಲೇ ಬರೆಸಿ, ಬುಧವಾರ, ಗುರುವಾರದ ಮುನ್ನೂರ ತೊಂಬತ್ತರ ಪಕ್ಕ ತಾವೇ ಸಣ್ಣಕ್ಷರದಲ್ಲಿ ಬರೆದರು: ಬಿಸ್ಕೆಟ್ ನನ್ನದು.

ಜಗಳವೇನೂ ನಿಂತಿಲ್ಲ. ಅಕ್ಕ ತಮ್ಮ ಅಂದಮೇಲೆ ತಿಂಗಳಿಗೊಮ್ಮೆಯಾದರೂ ಮಾತು ಬಿಡುತ್ತಾರೆ. ಆದರೆ ಎಷ್ಟೇ ಮುಖ ಊದಿಸಿಕೊಂಡಿದ್ದರೂ ಏಳಕ್ಕೆ ಐದು ನಿಮಿಷವಿದೆ ಎನ್ನುವಾಗ ಇಬ್ಬರೂ ಬೆಕ್ಕಿನ ಎರಡು ಪಕ್ಕ ಬಂದು ಕೂರುತ್ತಾರೆ.

"ಹಾಕಿದ್ಯಾ?"

"ಇಲ್ಲ."

"ಹಾಕ್ಲಾ?"

"ಹಾಕು."

ಬರೆದು ಪೆನ್ನು ಕೆಳಗಿಟ್ಟ ಮೇಲೆ ಅಕ್ಕ ಮತ್ತೆ ಮುಖ ತಿರುಗಿಸುತ್ತಾರೆ. "ಸಾಹೇಬ್ರೇ, ಕಾಫಿ ಆರಿಹೋಗ್ತಿದೆ, ನಿಮ್ಮ ಮಾವನಿಗೆ ಹೇಳಿ."