ಕೈಯಲ್ಲಿದ್ದ ಅರಿಶಿನ

ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಹನ್ನೊಂದು ಎಂದು ಬರೆದಿತ್ತು. ಅದು ನನ್ನ ಸರದಿ. ಕೆಳಗೆ ಮೇಷ್ಟ್ರ ಅಕ್ಷರದಲ್ಲಿ ಪ್ರಶ್ನೆ: ಬಾಹ್ಯಾಕಾಶದಲ್ಲಿ ಊಟ ಹೇಗೆ ಮಾಡುತ್ತೀರಿ? ನಾನು ಕೇಳಬೇಕೆಂದುಕೊಂಡಿದ್ದು ಅದಲ್ಲ.

ಬೇಗೂರಿನ ನಮ್ಮ ಶಾಲೆಯಲ್ಲಿ ಆಗ ಪರದೆ ಕಟ್ಟಿದರೆ ಅದೇ ಒಂದು ಹಬ್ಬ. ನಾನು ಏಳನೇ ತರಗತಿ. ಆರು ತಿಂಗಳು ಆಕಾಶದಲ್ಲಿದ್ದು ಬಂದ ಅಮೆರಿಕದ ಗಗನಯಾತ್ರಿಯೊಬ್ಬರು ಪರದೆಯ ಮೇಲೆ ನಮ್ಮೊಡನೆ ಮಾತಾಡುತ್ತಾರೆ ಎಂದು ವಿಜ್ಞಾನದ ಮೇಷ್ಟ್ರು ವಾರದಿಂದ ಹೇಳುತ್ತಿದ್ದರು. ಹೆಂಗಸು ಎಂದು ತಿಳಿದ ದಿನವೇ, ಅವರ ಹಾಗೆ ಆಗಬೇಕೆಂದು ಯಾರಿಗೂ ಹೇಳದೆ ನಿಶ್ಚಯಿಸಿದ್ದೆ. ಅದಕ್ಕೇ ಅನುಮಾನ. ಪ್ರಶ್ನೆಗಳನ್ನು ಮೊದಲೇ ಬರೆದುಕೊಟ್ಟವರು ಉತ್ತರಗಳನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟಿರಬಹುದಲ್ಲ? ಅವರು ಸುಳ್ಳಾದರೆ ನನ್ನ ಆಸೆಯೂ ಸುಳ್ಳು.

ಹಿತ್ತಲಲ್ಲಿ ಅರಿಶಿನ ಬೇಯಿಸುತ್ತಿದ್ದ ಅಜ್ಜಿಗೆ ಈ ಅನುಮಾನ ಹೇಳಿದೆ. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, "ಟೀವಿಯೋರು ಮಾತಾಡ್ತರೆ, ನಮ್ ಮಾತ ಕೇಳಕಿಲ್ಲ ಕಣಮ್ಮಿ" ಎಂದಳು. ಕೊಪ್ಪರಿಗೆಗೆ ಬೀಳದೆ ಉಳಿದಿದ್ದ ಒಂದು ಹಸಿ ಕೊಂಬನ್ನು ಜೇಬಿಗೆ ಹಾಕಿಕೊಂಡೆ.

ಆ ದಿನ ಪರದೆಯಲ್ಲಿ ಬಂದ ಮೊದಲ ಹತ್ತು ಉತ್ತರಗಳೂ ಎಲ್ಲೂ ತಡವರಿಸದೆ ನುಣ್ಣಗಿದ್ದವು. ಅನುಮಾನ ಇನ್ನೂ ಬೆಳೆಯಿತು. ಸರದಿ ಬಂದಾಗ ಚೀಟಿ ಮಡಚಿ, ಕೊಂಬನ್ನು ಪರದೆಯ ಪಕ್ಕದ ಕ್ಯಾಮೆರಾದ ಮುಂದೆ ಹಿಡಿದೆ.

"ಇದೇನು ಅಂತ ಕೇಳಿ ಸಾರ್."

ಮೇಷ್ಟ್ರು ನನ್ನನ್ನು ದುರುಗುಟ್ಟಿ ನೋಡಿ, ಇಂಗ್ಲಿಷಿನಲ್ಲಿ ಕೇಳಿದರು. ಆಕೆ ಮುಂದೆ ಬಾಗಿ, ಅಜ್ಜಿಯ ಹಾಗೇ ಕಣ್ಣು ಕಿರಿದು ಮಾಡಿ, "ಜಿಂಜರ್?" ಎಂದರು.

ಶುಂಠಿ! ಶಾಲೆಯೇ ನಕ್ಕಿತು. ನನಗೆ ಮಾತ್ರ ಅದೇ ಬೇಕಿತ್ತು. ರೆಕಾರ್ಡ್ ಮಾಡಿಟ್ಟವರು ತಪ್ಪು ಹೇಳುವುದಿಲ್ಲ. ಕೊಂಬು ಮುರಿದು ಒಳಗಿನ ಬಣ್ಣ ತೋರಿಸಿದೆ. ಆಕೆಯೂ ನಕ್ಕರು. ಅಷ್ಟರಲ್ಲಿ ಮೇಷ್ಟ್ರು ಹನ್ನೆರಡನೆಯವನನ್ನು ಕರೆದಾಗಿತ್ತು.

ಸಂಜೆ ಅಜ್ಜಿ ಎಲ್ಲ ಕೇಳಿ, "ಅರಿಸ್ನ ಯಾವ್ದು ಸುಂಠಿ ಯಾವ್ದು ಗೊತ್ತಾಗ್ದೋಳು ಆಕಾಸಕ್ಕೋಗಿದ್ಲಂತಾ?" ಎಂದಳು.

ಈಗ ಫೋನಿನಲ್ಲಿ ಗಗನಯಾತ್ರಿಗಳು ದಿನವೂ ತೇಲುತ್ತಾರೆ; ನಾನು ಕೇಳುವ ಮುಂಚೆಯೇ ಉತ್ತರ ಹೇಳಿ ಮುಗಿಸುತ್ತಾರೆ. ಪರದೆಯ ಆಚೆಯಿಂದ ಒಬ್ಬರು ನನ್ನ ಕೈ ನೋಡಿ ತಪ್ಪು ಹೇಳಿದ್ದು ಅದೊಂದೇ ಸಲ. ಜನರನ್ನು ಮೊದಲು ಪರೀಕ್ಷಿಸುವ ಅಭ್ಯಾಸ ಮಾತ್ರ ಉಳಿದಿದೆ. ನಿಜವಾದ ಪ್ರಶ್ನೆಗೆ ಬರುವಷ್ಟರಲ್ಲಿ ಸರದಿ ಮುಗಿದಿರುತ್ತದೆ.

ಆಕೆ ಶುಂಠಿ ಎಂದ ಮರುದಿನ ಬೆಳಿಗ್ಗೆ ಅದೇ ಚೀಟಿಯ ಹಿಂಬದಿಯಲ್ಲಿ, ಹಳದಿ ಬೆರಳಿನ ಗುರುತು ಬೀಳದಂತೆ ಬರೆದೆ: ಹೊರಡುವಾಗ ನಿಮಗೆ ಭಯವಾಗಿತ್ತೇ? ಮೇಷ್ಟ್ರು ಓದಿ, ಕಳಿಸುತ್ತೇನೆ ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು. ಪ್ರಾರ್ಥನೆ ಮುಗಿಯುವವರೆಗೂ ನಾನು ಆ ಜೇಬನ್ನೇ ನೋಡುತ್ತಿದ್ದೆ.