ಹನ್ನೆರಡನೆಯ ಸಾಲು

ಪೇಂಟಿನ ಹಳೇ ಡಬ್ಬಿಯ ಮುಚ್ಚಳ ಎಬ್ಬಿಸಿದರೆ ಮೇಲೆ ಹಾಲಿನ ಕೆನೆಯಂಥ ಪದರ ಕಟ್ಟಿರುತ್ತದೆ. ಅದನ್ನು ಕಡ್ಡಿಯಿಂದ ಎತ್ತಿ ಬಿಸಾಡಿ, ಸ್ವಲ್ಪ ಟರ್ಪೆಂಟೈನ್ ಬಿಟ್ಟು ಕಲಕಿದರೆ ಒಂದು ವಾಸನೆ ಏಳುತ್ತದೆ ನೋಡಿ, ಅದರ ಮುಂದೆ ನನಗೆ ಯಾವ ಅತ್ತರೂ ಬೇಡ. ಇವತ್ತು ಬೆಳಿಗ್ಗೆ ಅಟ್ಟ ಹತ್ತಿ ಹಸಿರು ಬಣ್ಣದ ಡಬ್ಬಿಯೊಂದನ್ನು ಇಳಿಸಿದೆ. ಈ ವಯಸ್ಸಿನಲ್ಲಿ ಅಟ್ಟ ಹತ್ತುವುದೇ ಎಂದು ಸೊಸೆ ಬೈದಳು. ಬೈಯಲಿ. ನನಗೆ ವಾರದಿಂದ ಸಿಟ್ಟು ನೆತ್ತಿಗೇರಿದೆ, ಸಿಟ್ಟಿನಲ್ಲಿರುವಾಗ ಮೊಣಕಾಲು ನೋಯುವುದಿಲ್ಲ.

ನಾನು ಬೋರ್ಡು ಬರೆಯುವ ಪೇಂಟರ್. ಆಗಿದ್ದೆ ಅನ್ನಬೇಕು; ಫ್ಲೆಕ್ಸ್ ಬಂದಮೇಲೆ ಕೈಬರಹ ಕೇಳುವವರಿಲ್ಲ. ಒಂದು ಕಾಲಕ್ಕೆ ಶಿಕಾರಿಪುರದಲ್ಲಿ ಬಸ್ಸು ಹತ್ತಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದರೆ, ಕಿಟಕಿಯಾಚೆ ಕಾಣುವ ಬೋರ್ಡುಗಳಲ್ಲಿ ಅರ್ಧ ನನ್ನವೇ. ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಹಲ್ಲಿನ ಡಾಕ್ಟರು. ಕ್ಯಾಸನೂರಿನ ಕಡೆ ಮಂಗನ ಕಾಯಿಲೆಯ ಎಚ್ಚರಿಕೆಯನ್ನೂ ಬರೆದಿದ್ದೇನೆ: ಉಣ್ಣೆಹುಳ ಕಚ್ಚದಂತೆ ಕೈಕಾಲಿಗೆ ಎಣ್ಣೆ ಹಚ್ಚದೆ ಕಾಡಿಗೆ ಹೋಗಬಾರದು ಎಂದು. ಅದು ಜೀವ ಉಳಿಸುವ ಮಾತು. ಬೇಡ ಅನ್ನುವುದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ.

ಆದರೆ ನಮ್ಮ ಬಡಾವಣೆಯ ಪಾರ್ಕಿಗೆ ಒಮ್ಮೆ ಬನ್ನಿ. ಜೋಕಾಲಿ ಇದೆ. ಉದ್ಘಾಟನೆಯ ದಿನ ದೊಡ್ಡವರೊಬ್ಬರು ಅದರಲ್ಲಿ ಕೂತು ಫೋಟೊ ತೆಗೆಸಿಕೊಂಡರು. ಅವರು ಇಳಿದದ್ದೇ ತಡ, ಸರಪಳಿಯನ್ನು ಮೇಲಿನ ಕಂಬಿಗೆ ಮೂರು ಸುತ್ತು ಸುತ್ತಿ ತಂತಿ ಬಿಗಿದರು. ಹಾಳಾಗಬಾರದಂತೆ! ಮಕ್ಕಳು ಆಡದ ಜೋಕಾಲಿ ಯಾಕೆ ಹಾಳಾದೀತು? ಅದು ನಮ್ಮ ಮೊಮ್ಮಕ್ಕಳಿಗೆ ಮೊಮ್ಮಕ್ಕಳಾಗುವ ತನಕ ಹೊಸದಾಗಿಯೇ ಇರುತ್ತದೆ.

ಕಳೆದ ಭಾನುವಾರ ನನ್ನ ಮೊಮ್ಮಗಳು ಸಫಿಯಾಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎರಡನೇ ಕ್ಲಾಸು, ಈಗಷ್ಟೇ ಕೂಡಿಸಿ ಓದಲು ಕಲಿತಿದ್ದಾಳೆ. ಗೇಟು ದಾಟುತ್ತಲೇ "ದಾದಾ, ಹಿಡಿ ನೋಡಣ!" ಎಂದು ಕೂಗಿ ಓಡಿದಳು. ಪೀ ಎಂದು ಸೀಟಿ ಬಿತ್ತು. ಕಾವಲಿನ ಬಸಪ್ಪ ಎದ್ದು ಬಂದ.

"ಏ ಪಾಪು, ಇಲ್ಲಿ ಕೂಗಂಗಿಲ್ಲ. ಬೋರ್ಡ್ ನೋಡು, ಬರ್ದೈತಿ."

ಹುಡುಗಿ ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರಕ್ಕೆ ಬೆರಳು ತೋರಿಸುತ್ತ ಗಟ್ಟಿಯಾಗಿ ಓದಿದಳು. ಹುಲ್ಲಿನ ಮೇಲೆ ನಡೆಯಬಾರದು. ಮರ ಹತ್ತಬಾರದು. ಚೆಂಡು ಆಡಬಾರದು. ತಿಂಡಿ ತಿನ್ನಬಾರದು. ಹೀಗೆ ಒಟ್ಟು ಹನ್ನೆರಡು. ಆಮೇಲೆ ಬಂದು ನನ್ನ ಪಕ್ಕ ಬೆಂಚಿನಲ್ಲಿ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಳು.

"ಮನೆಗೆ ಹೋಗಣ ದಾದಾ. ಇಲ್ಲಿ ಬರೀ ಕೂರಕ್ಕೆ ಬಿಡ್ತಾರೆ. ಕೂರೋದು ಸ್ಕೂಲಲ್ಲೂ ಐತಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಯಾವ ಪುಣ್ಯಾತ್ಮ ಬರೆದನಪ್ಪಾ ಇದನ್ನು ಎಂದು ಕನ್ನಡಕ ಏರಿಸಿ ಹತ್ತಿರ ಹೋದೆ. ಹಸಿರು ನೆಲ, ಬಿಳಿ ಅಕ್ಷರ, ತಲೆಕಟ್ಟು ಒಂದೇ ಅಳತೆ, ಬಲಮೂಲೆಯಲ್ಲಿ ನನ್ನದೇ ಸಹಿ.

ಅಷ್ಟೇ ಆಗಿದ್ದರೆ ಹೇಳಿದ್ದನ್ನು ಬರೆದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ವರ್ಷಗಳ ಹಿಂದೆ ಪುರಸಭೆ ಕಚೇರಿಯವರು ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಹನ್ನೊಂದು ಸಾಲು. ಬರೆದು ಮುಗಿಸಿದಾಗ ಬೋರ್ಡಿನ ಕೆಳಗೆ ಒಂದು ಸಾಲಿನ ಜಾಗ ಬೋಳಾಗಿ ಉಳಿದಿತ್ತು. ನನಗೋ ಅಂದದ ಹುಚ್ಚು! ಒಂದು ಸಾಲು ಸೇರಿದರೆ ತುಂಬಿ ಕಾಣುತ್ತದೆ ಎಂದು ಕುಂಚ ಅದ್ದಿ ನಾನೇ ಸೇರಿಸಿದೆ: ಕೂಗಬಾರದು. ಯಾರೂ ಕೇಳಿರಲಿಲ್ಲ. ಖಾಲಿ ಜಾಗ ತುಂಬಲು ನಾನು ಊರಿನ ಮಕ್ಕಳ ಬಾಯಿ ಮುಚ್ಚಿಸಿದ್ದೆ. ಅದನ್ನು ಮರೆತೂಬಿಟ್ಟಿದ್ದೆ, ನಾಚಿಕೆಗೇಡಿ.

ಫುಪ್ಪು ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು. ಫುಪ್ಪು ಎಂದರೆ ನನ್ನ ಅಪ್ಪನ ಅಕ್ಕ. ಬಳೆ ಮಾರುವವಳು, ಬಳೆಗಳ ಮಲಾರ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದಳು. ಭಾನುವಾರ ಮಾತ್ರ ಮಲಾರ ಇಳಿಸಿ, ನಮ್ಮ ಓಣಿಯ ಅಷ್ಟೂ ಮಕ್ಕಳನ್ನು ಕೆರೆ ಏರಿಗೆ ಹೊರಡಿಸುತ್ತಿದ್ದಳು. ಪಾರ್ಕು ಅನ್ನುವ ಮಾತನ್ನೇ ನಾವು ಆಗ ಕೇಳಿರಲಿಲ್ಲ. ಏರಿಯ ಮೇಲೆ ಹುಣಸೆಮರ, ಕೆಳಗೆ ಮೇಯುವ ಕುರಿಗಳು, ಬುತ್ತಿಯಲ್ಲಿ ಮಂಡಕ್ಕಿ ಒಗ್ಗರಣೆ. ನಮ್ಮ ಗದ್ದಲಕ್ಕೆ ಕುರಿಗಳೇ ದೂರ ಸರಿದು ಹೋಗುತ್ತಿದ್ದವು.

ಓಣಿಯ ಬಾಯಲ್ಲಿ ನಿಂತು ಪ್ರತಿ ಮಗುವಿನ ಕೈಗೂ ಒಂದೊಂದು ಕೆಂಪು ಬಳೆ ಹಾಕುವಳು. ಹುಡುಗ ಹುಡುಗಿ ಅನ್ನುವ ಭೇದವಿಲ್ಲ. ಸಂಜೆ ಅಲ್ಲೇ ನಿಂತು ಬಳೆ ವಾಪಸ್ಸು ತೆಗೆದುಕೊಳ್ಳುವಳು. ಬಳೆಯ ಲೆಕ್ಕ ಸರಿಯಿದ್ದರೆ ಮಕ್ಕಳ ಲೆಕ್ಕ ಸರಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ನಿಯಮ ಇದ್ದದ್ದು ಒಂದೇ.

"ನೀರಿಗೆ ಒಬ್ಬೊಬ್ರೇ ಇಳೀಬ್ಯಾಡ್ರಿ. ಉಳಿದದ್ದು ನಿಮ್ಮಿಷ್ಟ ಹೋಗ್ರಿ."

ಎಂಟು ವರ್ಷದ ಗಂಡಸು ನಾನು, ನನಗೆ ಬಳೆ ಎಂದರೆ ಅವಮಾನ. ಒಂದು ಭಾನುವಾರ ಮೆಲ್ಲಗೆ ಅದನ್ನು ಕಳಚಿ, ನೀರಂಚಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಹುಣಸೆಮರ ಹತ್ತಿ ಕೂತೆ. ಫುಪ್ಪು ಮಧ್ಯೆ ಒಮ್ಮೆ ಬಳೆ ಎಣಿಸಿದಳು. ಒಂದು ಕಡಿಮೆ, ನನ್ನದು. ಸುತ್ತ ನೋಡಿದವಳಿಗೆ ಕಲ್ಲಿನ ಮೇಲಿನ ಕೆಂಪು ಬಳೆ ಕಂಡಿತು. ನನ್ನ ಹೆಸರು ಹಿಡಿದು ಕಿರುಚಿದಳು, ಸೀರೆಯ ಸಮೇತ ನೀರಿಗೆ ಇಳಿದಳು. ಈಜು ಬಾರದ ಹೆಂಗಸು, ಕುತ್ತಿಗೆಮಟ್ಟ ನೀರಿನಲ್ಲಿ ಕೈಯಾಡಿಸಿ ನನ್ನನ್ನು ಹುಡುಕುತ್ತಿದ್ದಳು. ಮರದ ಮೇಲೆ ನಾನು ಕೊಂಬೆಯನ್ನು ಅವಚಿ ಹಿಡಿದು ಕೂತಿದ್ದೆ. ಕೊನೆಗೆ ಹೇಗೋ "ಫುಪ್ಪೂ!" ಎಂದು ಕೂಗಿದೆ.

ಹೊಡೆಯುತ್ತಾಳೆ ಎಂದುಕೊಂಡು ಇಳಿದೆ. ಅವಳು ತೊಯ್ದು ತೊಪ್ಪೆಯಾಗಿ ಮಣ್ಣಿನಲ್ಲಿ ಕೂತು ಗೊಳೋ ಎಂದು ಅತ್ತಳು. ಮುಂದಿನ ಭಾನುವಾರ ಇನ್ನು ಕೆರೆ ಬಂದ್ ಎಂದು ನಾವೆಲ್ಲ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರೆ, ಅವಳು ಎಂದಿನಂತೆ ಬಂದಳು. ಕೆರೆ ಬಂದಾಗಲಿಲ್ಲ, ಮರವೂ ಬಂದಾಗಲಿಲ್ಲ. ನನ್ನ ಕೈಗೆ ಮಾತ್ರ ಎರಡು ಬಳೆ ಬಿದ್ದವು.

ಆ ನೀರು ಇಳಿಯುವ ಸೀರೆ ವಾರವೆಲ್ಲ ಕಣ್ಣಿಗೆ ಕಟ್ಟಿತ್ತು. ಮೇಲಿಂದ ಸಫಿಯಾ ಬೇರೆ, ಈ ಸಲ ಪಾರ್ಕು ಬೇಡ, ಮೊಬೈಲ್ ಕೊಟ್ಟರೆ ಸಾಕು ಅಂದುಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಶಿರಾಳಕೊಪ್ಪದ ಸಂತೆಗೆ ಹೋಗಿ ಒಂದು ಪೊಟ್ಟಣ ತಂದೆ. ಇವತ್ತು ಡಬ್ಬಿ, ಕುಂಚ, ಇಕ್ಕಳ, ಪೊಟ್ಟಣ ಎಲ್ಲ ಚೀಲಕ್ಕೆ ಹಾಕಿ, ಮೊಮ್ಮಗಳನ್ನು ಬಲವಂತಕ್ಕೆ ಎಬ್ಬಿಸಿಕೊಂಡು ಹೊರಟೆ.

ಬೋರ್ಡಿನ ಮುಂದೆ ಕೂತು ಹನ್ನೆರಡನೆಯ ಸಾಲಿನ ಮೇಲೆ ಹಸಿರು ಎಳೆದೆ. ಬಸಪ್ಪ ಓಡಿ ಬಂದ.

"ಏನ್ ಮಾಡಾಕತ್ತೀರಿ ಪೇಂಟರ್ ಸಾಬ್ರೇ? ಕಚೇರಿಯವ್ರು ನನ್ನ ಕೇಳ್ತಾರ್ರೀ!"

"ಕಚೇರಿಯವರದು ಹನ್ನೊಂದೇ ಬಸಪ್ಪ, ಹೋಗಿ ಪಟ್ಟಿ ನೋಡು. ಇದು ನನ್ನ ತಪ್ಪು, ನಾನೇ ಅಳಿಸ್ತಿದೀನಿ. ಇನ್ನು ಆ ಜೋಕಾಲಿ ಬಿಚ್ಚು. ಅದನ್ನ ಕಟ್ಟಿಡಿ ಅಂತ ಈ ಬೋರ್ಡಿನಲ್ಲಿ ಎಲ್ಲೂ ಇಲ್ಲ."

"ಹುಡುಗ್ರಿಗೆ ಏನಾರ ಆದ್ರ ಯಾರ್ರೀ ಜವಾಬ್ದಾರಿ?"

ಬೀಗ, ತಂತಿ, ಸೀಟಿ ಎಲ್ಲದರ ಹಿಂದೆಯೂ ಇದೊಂದೇ ಮಾತು. ಕೇಳುವವರೇ ಎಲ್ಲ, ಉತ್ತರ ಕೊಡುವವರು ಒಬ್ಬರೂ ಇಲ್ಲ.

"ನಾನು," ಎಂದೆ. "ಇವರು ಇಲ್ಲಿರೋ ತನಕ ನಾನು ಇಲ್ಲಿಂದ ಕದಲಲ್ಲ."

ಇಕ್ಕಳ ಹಿಡಿದು ಕಂಬಿಯ ಕೆಳಗೆ ನಿಂತೆ. ತಂತಿ ತುಕ್ಕು ಹಿಡಿದಿತ್ತು, ಇಕ್ಕಳ ಜಾರಿ ಜಾರಿ ಹೋಗುತ್ತಿತ್ತು. ಬಸಪ್ಪ ಹತ್ತಿರ ಬಂದ. "ಕೊಡ್ರಿ ಇಲ್ಲಿ, ನಿಮ್ ಕೈಲಿ ಆಗಂಗಿಲ್ಲ," ಎಂದು ಇಕ್ಕಳ ಕಿತ್ತುಕೊಂಡ.

ಸರಪಳಿ ಝಲ್ಲೆಂದು ಇಳಿದ ಸದ್ದಿಗೆ ಗೇಟಿನಾಚೆ ನಿಂತಿದ್ದ ಮಕ್ಕಳೆಲ್ಲ ನುಗ್ಗಿದರು. ಸಫಿಯಾ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಬೋರ್ಡು ನೋಡಿದಳು, ಆಮೇಲೆ ಕೂಗಿದಳು ನೋಡಿ, ಅಬ್ಬಬ್ಬಾ! ಬಸಪ್ಪನ ಸೀಟಿ ಅವನ ಎದೆಯ ಮೇಲೆ ಸುಮ್ಮನೆ ನೇತಾಡುತ್ತಿತ್ತು.

ನಾನು ಜೋಕಾಲಿಯ ಪಕ್ಕ ನಿಂತು ಪೊಟ್ಟಣ ಬಿಚ್ಚಿ, ಸರದಿಯಲ್ಲಿದ್ದ ಒಬ್ಬೊಬ್ಬರ ಕೈಗೂ ಕೆಂಪು ಬಳೆ ಹಾಕಿದೆ. ಒಬ್ಬ ಹುಡುಗ ಮಾತ್ರ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವನಿಗೆ ಎರಡು ಹಾಕಿದೆ.