ಕಾಕಾನ ಬುಕ್ಕಿನಲ್ಲಿ ಇಲ್ಲದ ಪುಟ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಮೊಬೈಲಿನ ಹಿಂದಿನ ಮುಚ್ಚಳವನ್ನು ಅವರು ಆ ಉಗುರಿನಿಂದಲೇ ತೆಗೆಯುತ್ತಿದ್ದರು. ಅದರ ಅಡಿಯಲ್ಲಿ ಯಾವಾಗಲೂ ಒಂದು ಕೆಂಪು ಗೆರೆ. ಆಗ ಮೈನಿಂಗ್ ಜೋರಾಗಿದ್ದ ಕಾಲ. ಲಾರಿ ಡ್ರೈವರುಗಳ ಸೆಟ್ ಬಿಚ್ಚಿದರೆ ಒಳಗೆಲ್ಲ ಅದಿರಿನ ಧೂಳು. ಬಣ್ಣ ಹಚ್ಚುವ ಸಣ್ಣ ಬ್ರಷ್ ಹಿಡಿದು ಅದನ್ನು ಉದುರಿಸುತ್ತಾ, "ಅರ್ಧ ಸಂಡೂರು ನನ್ನ ಟೇಬಲ್ ಮ್ಯಾಲೇ ಐತಿ ನೋಡಲೇ" ಎನ್ನುತ್ತಿದ್ದರು.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಮೂವತ್ತು ವರ್ಷ ರೇಡಿಯೋ, ಟೇಪ್ ರಿಪೇರಿ ಮಾಡಿದವರು ಮೊಬೈಲ್ ಬಂದ ಮೇಲೆ ಮೊಬೈಲಿಗೆ ಬಂದರು. ಊರಿನವರಿಗೆಲ್ಲ ಅವರು ರೇಡಿಯೋ ಕಾಕಾ. ಅದೇ ಅಂಗಡಿಯ ಅರ್ಧ ಬಾಡಿಗೆಗೆ ಹಿಡಿದು ನಾನೊಂದು ಕಂಪ್ಯೂಟರ್ ಇಟ್ಟಿದ್ದೆ. ಮೆಮೊರಿ ಕಾರ್ಡಿಗೆ ಹಾಡು ತುಂಬುವುದು, ರಿಂಗ್‌ಟೋನ್ ಹಾಕುವುದು, ಹ್ಯಾಂಗ್ ಆದ ಸೆಟ್ಟಿಗೆ ಹೊಸ ಸಾಫ್ಟ್‌ವೇರ್ ಹೊಡೆಯುವುದು ನನ್ನ ಕೆಲಸ. ಯಾರೂ ಕಲಿಸಿದ್ದಲ್ಲ. ಸೈಬರ್ ಕೆಫೆಯಲ್ಲಿ ಕುಳಿತು, ಓದಿ, ನಾಲ್ಕಾರು ಸೆಟ್ ಕೆಡಿಸಿ ಕಲಿತದ್ದು. ಆದ್ದರಿಂದ ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಇಲ್ಲ ಎಂದುಕೊಂಡಿದ್ದೆ. ಯಾವ ಸೆಟ್ಟಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಚೀನಾ ಸೆಟ್ಟಿನ ಸ್ಪೀಕರ್ ಯಾಕೆ ಅಷ್ಟು ಅರಚುತ್ತದೆ, ಮುಂದೆ ಫೋನಿನಲ್ಲಿದ್ದದ್ದೆಲ್ಲ ಇಂಟರ್ನೆಟ್ಟಿನಲ್ಲೇ ಹೇಗೆ ಉಳಿಯುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಕಾಕಾ ಕೇಳಿಸಿಕೊಳ್ಳುತ್ತಾ ಕೆಲಸ ಮಾಡುತ್ತಿದ್ದರು.

ಅವರಿಗೊಂದು ರೂಢಿ ಇತ್ತು. ರೇಡಿಯೋ ರಿಪೇರಿಗೆ ಬಂದರೆ ಮುಳ್ಳು ಯಾವ ಸ್ಟೇಷನ್ ಮೇಲೆ ನಿಂತಿದೆ ಎಂದು ಮೊದಲು ಬರೆದುಕೊಳ್ಳುವುದು, ಕೆಲಸ ಮುಗಿದ ಮೇಲೆ ಅಲ್ಲಿಗೇ ತಂದು ನಿಲ್ಲಿಸಿ ಕೊಡುವುದು. "ತಂದಾಗ ಎಲ್ಲಿ ನಿಂತಿತ್ತೋ ಅಲ್ಲೇ ನಿಂದ್ರಬೇಕು. ಮನೀಗೆ ಹೋಗಿ ಹಚ್ಚಿದ ಕೂಡ್ಲೇ ಅವರ ಸ್ಟೇಷನ್ ಬರಬೇಕು" ಎನ್ನುವುದು ಅವರ ಮಾತು. ಮೊಬೈಲಿಗೂ ಅದನ್ನೇ ತಂದರು. ರಟ್ಟಿನ ಹೊದಿಕೆಯ ಒಂದು ಉದ್ದ ಬುಕ್ಕಿನಲ್ಲಿ ಸೆಟ್ಟಿಗೊಂದು ಪುಟ. ಅದರಲ್ಲಿ ಬಟನ್‌ಗಳ ಹಾಗೆ ಚೌಕಗಳನ್ನು ಎಳೆದು, ಯಾವ ಬಟನ್ ಒತ್ತಿ ಹಿಡಿದರೆ ಯಾರಿಗೆ ಫೋನ್ ಹೋಗುತ್ತದೆ ಎಂದು ಒತ್ತಿ ನೋಡಿ ಬರೆಯುತ್ತಿದ್ದರು.

"ಕಾಕಾ, ಇದು ಯಾವ ಕಾಲದ ಪದ್ಧತಿರೀ? ಒಂದು ಕೇಬಲ್ ಚುಚ್ಚಿದ್ರ ಎರಡು ನಿಮಿಷದಾಗ ಎಲ್ಲಾ ನಂಬರು ಕಂಪ್ಯೂಟರ್‌ಗೆ ಬರ್ತಾವ."

"ಬರಲೇಳು. ನಿನ್ನ ಕಂಪ್ಯೂಟರ್‌ಗೆ ಕರೆಂಟ್ ಬೇಕು, ನನ್ನ ಬುಕ್ಕಿಗೆ ಬ್ಯಾಡ. ನೀನೂ ಬರಿ."

ಗಾದಿಗನೂರಿನ ಹತ್ತಿರ, ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಬದಿಯಲ್ಲಿ ಒಬ್ಬ ಅಕ್ಕ ಚಹಾ, ಮಿರ್ಚಿ ಮಾರುತ್ತಿದ್ದಳು. ಕಾಕಾ ಬಿಟ್ಟು ಬೇರೆಯವರ ಕೈಗೆ ಸೆಟ್ ಕೊಡುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಬಂದಳು. ಫೋನು ಮೇಲಿಂದ ಮೇಲೆ ಹ್ಯಾಂಗ್ ಆಗುತ್ತಿತ್ತು. ಕಾಕಾ ಹಂಪಿ ಬಜಾರಿಗೆ ಒಂದು ಆಂಪ್ಲಿಫೈಯರ್ ನೋಡಲು ಹೋಗಿದ್ದರು. ಕಾಕಾನೇ ನೋಡುತ್ತಾರೆ, ಸಂಜೆ ಬಾ ಎಂದು ನಾನೇ ಸೆಟ್ ಇಸಿದುಕೊಂಡು ಆಕೆಯನ್ನು ಕಳಿಸಿದೆ. ಕೇಬಲ್ ಚುಚ್ಚಿದೆ, ಹೆಸರು ನಂಬರು ಎಲ್ಲ ಕಂಪ್ಯೂಟರಿಗೆ ತೆಗೆದುಕೊಂಡೆ, ಹೊಸ ಸಾಫ್ಟ್‌ವೇರ್ ಹೊಡೆದೆ, ನಂಬರುಗಳನ್ನು ವಾಪಸು ತುಂಬಿದೆ. ಒಂದೂ ಬಿಟ್ಟುಹೋಗಿರಲಿಲ್ಲ. ಆಕೆ ಅಂದು ಬರುತ್ತಾಳೆಂದು ಕಾಕಾಗೆ ಮೊದಲೇ ಗೊತ್ತಿತ್ತು. ಅಷ್ಟರಲ್ಲಿ ಫೋನ್ ಮಾಡಿದರು.

"ಆ ಅಕ್ಕನ ಸೆಟ್ ಬಂದಿತ್ತೇನು? ಬುಕ್ಕಿನಾಗ ಬರಕೊಂಡೆಯೇನು?"

"ಹ್ಞೂಂ ಕಾಕಾ, ಬರಕೊಂಡೀನಿ."

ಬರೆದುಕೊಂಡಿರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಸುಳ್ಳು ಯಾಕೆ ಹೇಳಿದೆ ಎಂದು ಈಗಲೂ ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ, ಅದೂ ಬರೆದ ಹಾಗೇ ಎಂದುಕೊಂಡಿರಬೇಕು.

ನಾಲ್ಕು ದಿನ ಬಿಟ್ಟು ಆಕೆ ಮತ್ತೆ ಬಂದಳು. ಕಾಕಾನ ಎದುರಿಗೆ ಸ್ಟೂಲಿನ ಮೇಲೆ ಕುಳಿತು ಸೆಟ್ಟನ್ನು ಟೇಬಲ್ಲಿನ ಮೇಲಿಟ್ಟಳು. ಆಕೆಗೆ ಓದಲು ಬರುತ್ತಿರಲಿಲ್ಲ. ಯಾರೋ ಡ್ರೈವರ್ ಬಟನ್‌ಗಳಿಗೆ ನಂಬರ್ ಕಟ್ಟಿಕೊಟ್ಟಿದ್ದ. ಎರಡನೆಯದು ಒತ್ತಿ ಹಿಡಿದರೆ ಕಂಪ್ಲಿಯ ಅಳಿಯ, ಮೂರನೆಯದು ಊರಿನ ಆಟೋದವ. ಆಕೆಗೆ ಫೋನೆಂದರೆ ಅಷ್ಟೇ. ಹೆಸರುಗಳ ಪಟ್ಟಿ ಒಳಗಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾನು ಹೆಸರುಗಳನ್ನು ಉಳಿಸಿ ಬಟನ್‌ಗಳನ್ನು ಅಳಿಸಿ ಕಳಿಸಿದ್ದೆ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ಹಿಂದಿನ ದಿನ ಮಧ್ಯಾಹ್ನ ನೋವು ಶುರುವಾಯಿತು.

"ಮೂರರದು ಒತ್ತಿ ಹಿಡದೆ ಅಣ್ಣಾ. ಸುಮ್ನೇ ಇತ್ತು. ಮತ್ತ ಒತ್ತಿದೆ. ನಾನೇ ತಪ್ಪು ಒತ್ತಾಕತ್ತೀನೇನೋ ಅಂತ ಎಲ್ಲಾನೂ ಒತ್ತಿದೆ" ಎಂದಳು. ಆಟೋದವನು ಕಾಲುವೆ ದಾರಿಯಿಂದ ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸುತ್ತಿದ್ದ. ಅವನು ಸಿಗದೆ, ಯಾರಿಂದಲಾದರೂ ಅವನ ಹೆಸರು ಹುಡುಕಿಸಿ ಫೋನ್ ಹಚ್ಚಿಸಬಹುದೆಂದು ಗಾಬರಿಯಲ್ಲಿ ಹೊಳೆಯದೆ, ಚಹಾ ಕುಡಿಯುತ್ತಿದ್ದ ಡ್ರೈವರೊಬ್ಬನ ಕಾಲು ಹಿಡಿದು ಅದಿರಿನ ಲಾರಿಗೆ ಮಗಳನ್ನು ಹತ್ತಿಸಿದ್ದಳು. ಮುಂದೆಲ್ಲ ಲಾರಿಗಳ ಸಾಲು. ಲಾರಿ ಅಲುಗಲಿಲ್ಲ. ಕ್ಯಾಬಿನ್ನಿನಲ್ಲೇ ಹೆರಿಗೆಯಾಯಿತು.

"ಕೂಸು?" ಎಂದರು ಕಾಕಾ.

"ಐತಿ. ತಾಯಿ ಕೂಸು ಇಬ್ರೂ ಆರಾಮ ಅದಾರ. ಕೂಸಿನ ಮೈಯೆಲ್ಲಾ ಕೆಂಪು ಧೂಳು. ಡಾಕ್ಟರ್ ಅಮ್ಮ ನನ್ನ ಬೈದು ಬೈದು ಇಟ್ಟಳು."

ಕಾಕಾ ಬುಕ್ಕು ತೆರೆದರು. ಆ ವಾರದ ಪುಟಗಳನ್ನು ಒಂದೊಂದಾಗಿ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು, ಒಮ್ಮೆ ಮಾತ್ರ. ನಾನು ಕಂಪ್ಯೂಟರಿನತ್ತ ತಿರುಗಿ ಹಾಡು ಕಾಪಿ ಆಗುವುದನ್ನೇ ನೋಡುತ್ತಾ ಕುಳಿತೆ.

"ಯಕ್ಕಾ, ತಪ್ಪು ನಂದು" ಎಂದರು ಕಾಕಾ. "ಬರಕೊಳ್ಳಾದು ಮರ್ತೆ."

ಆಕೆ ಸೆಟ್ಟನ್ನು ಅವರತ್ತ ಸರಿಸಿದಳು. "ನಿನ್ನಂಥಾವ ಮರೀಬಾರದಾಗಿತ್ತಣ್ಣ" ಎಂದಳು. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಅಂಗಡಿಯಲ್ಲಿ ಇನ್ನೂ ಮೂವರು ಡ್ರೈವರುಗಳು ಇದ್ದರು. ಅವರ ಎದುರಿಗೇ ಕಾಕಾ ನಂಬರುಗಳನ್ನು ಮತ್ತೆ ಬಟನ್‌ಗಳಿಗೆ ಕಟ್ಟಿ, ಆಕೆಯ ಬೆರಳು ಹಿಡಿದು ಒಂದೊಂದೇ ಬಟನ್ ತೋರಿಸಿದರು. "ನಡುವಿನ ಬಟನ್ ಮ್ಯಾಲೆ ಸಣ್ಣ ಗುಳ್ಳಿ ಐತಿ, ಮುಟ್ಟಿ ನೋಡು. ಅದರ ಮ್ಯಾಲಿಂದು ಅಳಿಯ. ಅದರ ಬಲಕ್ಕ ಆಟೋ. ಒತ್ತು." ಆಕೆ ಒತ್ತಿದಳು. ಆಟೋದವನು ಎತ್ತಿದ. "ಏನಿಲ್ಲಪ್ಪ, ಅದೀಯೋ ಇಲ್ಲೋ ನೋಡಿದೆ" ಎಂದಳು. ಡ್ರೈವರುಗಳು ನಕ್ಕರು. ಕಾಕಾ ನಗಲಿಲ್ಲ, ಹೊಸ ಪುಟದಲ್ಲಿ ಚೌಕ ಎಳೆದು ಬರೆದುಕೊಳ್ಳುತ್ತಿದ್ದರು.

ಆಕೆ ಹೋದ ಮೇಲೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಸಂಜೆ ಶಟರ್ ಎಳೆಯುವಾಗ, "ಕಾಕಾ, ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಬೋರ್ಡಿನ ಮ್ಯಾಲೆ ಯಾರ ಹೆಸರೈತಿ?" ಎಂದರು. ಸ್ವಲ್ಪ ದೂರ ನಡೆದು ನಿಂತು, "ನೀನೇ ಹೇಳ್ತೀಯೇನೋ ಅಂತ ಒಂದೀಟು ಕಾದೆ" ಎಂದರು.

ಮಾರನೆಯ ದಿನದಿಂದ ನಾನು ಬುಕ್ಕಿನಲ್ಲಿ ಬರೆಯದೆ ಒಂದು ಸೆಟ್ಟನ್ನೂ ಮುಟ್ಟಿಲ್ಲ. ಆದರೆ ಮಾತು ಆಕೆಯ ಚಹಾದಂಗಡಿಯಿಂದ ರಸ್ತೆಯುದ್ದಕ್ಕೂ ಹರಿದಿತ್ತು. "ಕಾಕಾಗೆ ವಯಸ್ಸಾತು, ಮರವು ಬಂದೈತಿ" ಎಂದು ಡ್ರೈವರುಗಳು ನನ್ನೆದುರೇ ಆಡಿಕೊಂಡರು. ಕೆಲವರು ಸೆಟ್ಟನ್ನು ಅವರಿಗೆ ಕೊಡದೆ ನನ್ನ ಕೈಗೇ ಕೊಡತೊಡಗಿದರು. "ನೀನೇ ನೋಡು ತಮ್ಮಾ, ನೀನು ಹುಷಾರ್ ಅದೀ" ಎಂದರು. ನಾನು ತೆಗೆದುಕೊಂಡೆ.

ಈಗಲೂ ಮಾರುಕಟ್ಟೆಗೆ ಹೊಸ ಸೆಟ್ ಬಂದರೆ ಬಿಚ್ಚಿ ನೋಡುವತನಕ ನನಗೆ ನಿದ್ದೆ ಬರುವುದಿಲ್ಲ. ಬೆರಳಿನಿಂದ ಪರದೆ ತೀಡುವ ಫೋನುಗಳು ಬಂದಿವೆ, ಬಟನ್ನೇ ಇಲ್ಲ. ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಮೊದಲಿನ ಹಾಗೆ ಬಾಯಿಪಾಠ ಒಪ್ಪಿಸುವುದಿಲ್ಲ. ಮನೆಯಲ್ಲಿ ಅದನ್ನು ಹಿಡಿಯುವವರು ಯಾರು, ಫೋನ್ ಹೇಗೆ ಹಚ್ಚುತ್ತಾರೆ ಎಂದು ಕೇಳುತ್ತೇನೆ. ಜನ ವಿಚಿತ್ರವಾಗಿ ನೋಡುತ್ತಾರೆ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಆ ಅಕ್ಕನೂ ಇದ್ದಳು, ಸೊಂಟದ ಮೇಲೆ ಮೂರು ವರ್ಷದ ಮೊಮ್ಮಗ. ನನ್ನ ಪಕ್ಕದಲ್ಲೇ ನಿಂತು ಕಣ್ಣೊರೆಸಿಕೊಂಡು, "ಭಾಳ ಛಲೋ ಮನುಷ್ಯ. ಜೀವಮಾನದಾಗ ಒಂದೇ ಸಲ ಮರ್ತಿದ್ದ" ಎಂದಳು.

ಆಗಲೂ ನಾನು ಬಾಯಿ ಬಿಡಲಿಲ್ಲ.

ಅವರು ಮರೆತಿರಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ. ಬರೆದ ಮೇಲೆ ನೆನಪಾಯಿತು, ಆಕೆಗೆ ಓದಲು ಬರುವುದಿಲ್ಲ. ಗಾದಿಗನೂರಿಗೆ ಹೋಗಿ ಬಾಯಿಂದಲೇ ಹೇಳಬೇಕು.